ಹೂವಿನ ಘಮದ ಬಿಸ್ಕೆಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುಗಾದಿ ಹತ್ತಿರವಾಗುತ್ತಿದ್ದಂತೆ ಹೂವು ಹಾಕಿ ಮಾಡುವ ಬಿಸ್ಕೆಟ್, ಕುಕೀಸ್ ಬಗ್ಗೆ ಪತ್ರಗಳು ಹೆಚ್ಚಾಗಿವೆ. ಬೇರೆ ಬೇರೆ ಊರಿನವರು ಬರೆದಿದ್ದರೂ ಮುಕ್ಕಾಲು ಪಾಲು ಪತ್ರಗಳ ದೂರು ಒಂದೇ: ಹೂವು ಹಾಕಿದೆವು, ಘಮ ಬರಲಿಲ್ಲ. ಆದ್ದರಿಂದ ಮೊದಲ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಟ್ಟಿದ್ದೇವೆ. ಮುಂದಿನ ಉತ್ತರಗಳಲ್ಲಿ 'ಮೂಲ ಹಿಟ್ಟು' ಎಂದಲ್ಲೆಲ್ಲ ಇಲ್ಲಿ ಹೇಳಿದ ಅಳತೆಯನ್ನೇ ತೆಗೆದುಕೊಳ್ಳಿ.

ಮೇಡಂ, ಮನೆಯ ಮುಂದೆ ಬಿಟ್ಟ ಪನ್ನೀರು ಗುಲಾಬಿಯ ಎಸಳನ್ನು ಎರಡು ಹಿಡಿಯಷ್ಟು ತೊಳೆದು, ಹೆಚ್ಚಿ, ಕುಕೀಸ್ ಹಿಟ್ಟಿಗೆ ಕಲಸಿದೆ. ಬೆಂದ ಮೇಲೆ ಎಸಳೆಲ್ಲ ಕಪ್ಪು ನಾರಿನ ಹಾಗಾಗಿತ್ತು. ತಳ ಮೆತ್ತಗೆ. ಗುಲಾಬಿಯ ವಾಸನೆಯೇ ಇಲ್ಲ. ಎಲ್ಲಿ ತಪ್ಪಿತು?
— ಗೃಹಿಣಿ, ಮೈಸೂರು

ಹೂವು ಸರಿಯಾದದ್ದೇ. ಅದನ್ನು ಹಾಕಿದ ಜಾಗ ಸರಿಯಿಲ್ಲ. ಹಸಿ ಎಸಳಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ನೀರೇ ಇರುತ್ತದೆ. 50 ಗ್ರಾಂ ಎಸಳು ಹಾಕಿದರೆ ಹಿಟ್ಟಿಗೆ ಸುಮಾರು 40 ಮಿಲಿ ನೀರು ಸೇರಿಸಿದ ಹಾಗೆ, ತಳ ಮೆತ್ತಗಾದದ್ದು ಅದರಿಂದ. ಆ ನೀರು ಓವನ್ನಿನಲ್ಲಿ ಆವಿಯಾಗುವಾಗ ಪರಿಮಳವನ್ನೂ ಜೊತೆಯಲ್ಲೇ ಹೊತ್ತೊಯ್ಯುತ್ತದೆ. ಉಳಿಯುವುದು ಬರೀ ನಾರು.

ಗುಲಾಬಿಯ ಪರಿಮಳ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಘಮವನ್ನು ಮೊದಲು ಬೆಣ್ಣೆಗೆ ಹಿಡಿಸಬೇಕು, ಆಮೇಲೆ ಆ ಬೆಣ್ಣೆಯಿಂದ ಹಿಟ್ಟು ಕಲಸಬೇಕು. ಪ್ರತಿ ಎಸಳಿನ ಬುಡದ ಬಿಳಿ ತುದಿಯನ್ನು ಕತ್ತರಿಸಿ ತೆಗೆಯಿರಿ, ಅಲ್ಲಿ ಕಹಿ ಇರುತ್ತದೆ. ಎಸಳನ್ನು ತೆಳ್ಳನೆಯ ಬಟ್ಟೆಯ ಮೇಲೆ ಹರಡಿ ನೆರಳಿನಲ್ಲಿ, ಗಾಳಿಯಾಡುವ ಕಡೆ ಮೂರು ನಾಲ್ಕು ದಿನ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಹಿಸುಕಿದರೆ ಗರಗರ ಎನ್ನುವಷ್ಟು ಒಣಗಿದ ಎಸಳು 10 ಗ್ರಾಂ ಸಾಕು.

ಉಪ್ಪಿಲ್ಲದ ಬೆಣ್ಣೆ 220 ಗ್ರಾಂ ತೆಗೆದುಕೊಂಡು, ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಬೆರಳಿಗೆ ಬಿಸಿ ತಾಕಬೇಕು, ಆದರೆ ಬೆಣ್ಣೆ ಕುದಿಯಕೂಡದು. 55ರಿಂದ 60 ಡಿಗ್ರಿ ಸರಿಯಾದ ಹದ. ಎಸಳು ಹಾಕಿ ಮುಚ್ಚಿ, ಅದೇ ಬಿಸಿಯಲ್ಲಿ 40 ನಿಮಿಷ ಬಿಡಿ. ಬಟ್ಟೆಯಲ್ಲಿ ಸೋಸಿ, ಎಸಳನ್ನು ಚೆನ್ನಾಗಿ ಹಿಂಡಿ. ಎಸಳು ಸ್ವಲ್ಪ ಬೆಣ್ಣೆ ಹೀರಿಕೊಂಡಿರುತ್ತದೆ. ತೂಗಿ ನೋಡಿ 200 ಗ್ರಾಂಗೆ ಸರಿಮಾಡಿಕೊಳ್ಳಿ. ಫ್ರಿಜ್‌ನಲ್ಲಿಟ್ಟು, ಐದೈದು ನಿಮಿಷಕ್ಕೊಮ್ಮೆ ಕದಡುತ್ತಾ, ಮುಲಾಮಿನಷ್ಟು ಗಟ್ಟಿಯಾಗುವ ತನಕ ತಣಿಸಿ. ಕದಡದೆ ಬಿಟ್ಟರೆ ತುಪ್ಪ ಮೇಲೆ, ನೀರು ಕೆಳಗೆ ಬೇರ್ಪಟ್ಟು ಕೂರುತ್ತದೆ.

ಮೂಲ ಹಿಟ್ಟಿನ ಅಳತೆ: ಈ ಬೆಣ್ಣೆ 200 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಮೈದಾ 250 ಗ್ರಾಂ, ನುಣ್ಣನೆಯ ಅಕ್ಕಿ ಹಿಟ್ಟು 50 ಗ್ರಾಂ, ಕಾಲು ಚಮಚ ಉಪ್ಪು. ಉಪ್ಪು ಹಾಕಿದ ಬೆಣ್ಣೆಯೇ ಸಿಕ್ಕರೆ ಬೇರೆ ಉಪ್ಪು ಬೇಡ. ಬೆಣ್ಣೆ, ಸಕ್ಕರೆಯನ್ನು ಎರಡು ಮೂರು ನಿಮಿಷ ಮಾತ್ರ ನೊರೆಯಾಡಿಸಿ, ಹೆಚ್ಚು ಬೀಸಿದರೆ ಬಿಸ್ಕೆಟ್ ಟ್ರೇಯಲ್ಲಿ ಹರಡಿಕೊಳ್ಳುತ್ತದೆ. ಜರಡಿ ಹಿಡಿದ ಹಿಟ್ಟು ಸೇರಿಸಿ, ಬೆರಳ ತುದಿಯಿಂದ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ನಾದಿದರೆ ಬಿಸ್ಕೆಟ್ ಗಟ್ಟಿ. ತೀರಾ ಪುಡಿಪುಡಿಯಾಗಿದ್ದರೆ ಒಂದು ಚಮಚ ತಣ್ಣನೆಯ ಹಾಲು ಚಿಮುಕಿಸಿ. ಎರಡು ಉರುಳೆ ಮಾಡಿ, ದಪ್ಪ 5 ಸೆಂಟಿಮೀಟರ್ ಇರಲಿ. ಬೆಣ್ಣೆ ಕಾಗದದಲ್ಲಿ ಸುತ್ತಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ನಂತರ 8 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿದರೆ ಸುಮಾರು 30 ಬರುತ್ತವೆ.

ಮೊದಲೇ ಕಾಯಿಸಿದ ಓವನ್ನಿನ ನಡು ಅರೆಯಲ್ಲಿ, 160 ಡಿಗ್ರಿಯಲ್ಲಿ 15ರಿಂದ 17 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಲು ಆರಂಭಿಸಿದ ಕೂಡಲೇ ತೆಗೆಯಿರಿ. ಅನೇಕರು 180ಕ್ಕೆ ಏರಿಸುತ್ತಾರೆ. ಆಗ ಬೆಣ್ಣೆ, ಸಕ್ಕರೆ, ಹಿಟ್ಟು ಕೆಂಪಗಾದ ವಾಸನೆಯೇ ಮುಂದಾಗಿ ಹೂವು ಹಿಂದೆ ಬೀಳುತ್ತದೆ. ಗೋಡಂಬಿ ಬಿಸ್ಕೆಟ್ಟಿಗೆ ಕೆಂಪು ಬಣ್ಣ ಚೆಂದ, ಹೂವಿನದಕ್ಕೆ ಅಲ್ಲ. ಬಿಸಿಯಲ್ಲಿ ಮೆತ್ತಗಿವೆ ಎಂದು ಹೆದರಬೇಡಿ. ಐದು ನಿಮಿಷ ಟ್ರೇಯಲ್ಲೇ ಬಿಟ್ಟು ಆಮೇಲೆ ಜಾಲರಿಗೆ ತೆಗೆದರೆ ಗರಿಯಾಗುತ್ತವೆ.

ಇನ್ನೊಂದು ಮಾತು. ಹೂವಿನಂಗಡಿಯ ಉದ್ದ ಕಡ್ಡಿಯ ಡಚ್ ಗುಲಾಬಿಯನ್ನು ಮಾತ್ರ ಬಳಸಬೇಡಿ. ಅದು ಬಹಳ ದಿನ ಬಾಡದಿರಲೆಂದು ಬೆಳೆಸಿದ್ದು, ಘಮ ಕಡಿಮೆ, ಔಷಧಿ ಹೆಚ್ಚು.

ಪನ್ನೀರು ಬಾಟಲಿಯಲ್ಲಿ ಸಿಗುತ್ತದಲ್ಲ, ಇಷ್ಟೆಲ್ಲ ಯಾಕೆ?
— ಓದುಗರು, ದಾವಣಗೆರೆ

ಪನ್ನೀರು ನೀರೇ. ಹಿಟ್ಟಿಗೆ ಹಾಕಿದರೆ ಓವನ್ ತೆರೆದಾಗ ಅಡುಗೆಮನೆ ಘಮಘಮಿಸುತ್ತದೆ, ಬಿಸ್ಕೆಟ್ ಘಮಿಸುವುದಿಲ್ಲ. ಅದಕ್ಕೆ ಸರಿಯಾದ ಜಾಗ ಮೇಲಿನ ಲೇಪ. 75 ಗ್ರಾಂ ಸಕ್ಕರೆ ಪುಡಿಗೆ ಎರಡು ಚಮಚ ತಿನ್ನುವ ಪನ್ನೀರು ಕಲಸಿ, ಬಿಸ್ಕೆಟ್ ಪೂರ್ತಿ ತಣಿದ ಮೇಲೆ ಸವರಿ, ಒಣಗಲು ಬಿಡಿ. ಪೂಜೆಯ ಸಾಮಾನಿನ ಅಂಗಡಿಯ ಪನ್ನೀರು ಬೇಡ, ಬಾಟಲಿಯ ಮೇಲೆ ಆಹಾರಕ್ಕೆ ಎಂದು ಇರಬೇಕು.

ಸೋಡಾ ಹಾಕಿದ ನಾನ್‌ಖಟಾಯಿ ಹಿಟ್ಟಿಗೆ ಒಣ ಗುಲಾಬಿ ಎಸಳು ಬೆರೆಸಿದೆ. ಕೆಂಪಗಿದ್ದ ಎಸಳು ಬೂದು ಹಸಿರಾಗಿ ಬೂಸ್ಟು ಬಂದ ಹಾಗೆ ಕಂಡಿತು. ಹೂವು ಕೆಟ್ಟಿತ್ತೇ?
— ಶಿಕ್ಷಕಿ, ಶಿವಮೊಗ್ಗ

ಹೂವು ಕೆಟ್ಟಿರಲಿಲ್ಲ, ಅದು ಸೋಡಾದ ಕೆಲಸ. ಗುಲಾಬಿ, ದಾಸವಾಳ, ಶಂಖಪುಷ್ಪಗಳ ಬಣ್ಣಕ್ಕೆ ಕಾರಣ ಆಂಥೋಸಯನಿನ್. ಹುಳಿ ತಾಕಿದರೆ ಅದು ಕೆಂಪು ಕಡೆಗೆ, ಕ್ಷಾರ ತಾಕಿದರೆ ನೀಲಿ ಹಸಿರಿನ ಕಡೆಗೆ ತಿರುಗುತ್ತದೆ. ಬಿಸ್ಕೆಟ್ ಹಿಟ್ಟಿನಲ್ಲಿ ಸೋಡಾವನ್ನು ಕೊಲ್ಲುವಷ್ಟು ಹುಳಿ ಇರುವುದಿಲ್ಲ. ಹಾಗಾಗಿ ಈ ಮೂರು ಹೂಗಳ ಬಿಸ್ಕೆಟ್ಟಿಗೆ ಸೋಡಾ ಬೇಡವೇ ಬೇಡ. ಗರಿಗರಿ ಆಗಲು ಅಕ್ಕಿ ಹಿಟ್ಟು ಸಾಕು. ಹಿಟ್ಟಿಗೆ ಬೆರೆಸುವ ಎಸಳಿಗೆ ಮೊದಲೇ ನಾಲ್ಕು ಹನಿ ನಿಂಬೆರಸ ಸವರಿಟ್ಟರೆ ಕೆಂಪು ಇನ್ನಷ್ಟು ನಿಲ್ಲುತ್ತದೆ. ಶಂಖಪುಷ್ಪದ ನೀಲಿ ಬಣ್ಣ ಬೆಣ್ಣೆಯ ಹಳದಿಯೊಂದಿಗೆ ಸೇರಿ ಹಸಿರಾಗಿ ಕಾಣುವುದೂ ಉಂಟು. ಅದಕ್ಕೆ ಅದನ್ನು ಹಿಟ್ಟಿಗಿಂತ ಸಕ್ಕರೆ ಲೇಪಕ್ಕೆ ಬಳಸುವುದು ಒಳ್ಳೆಯದು.

ನಾನ್‌ಖಟಾಯಿಯ ತುಪ್ಪದ ಬಗ್ಗೆಯೂ ಕೇಳಿದ್ದೀರಿ. 200 ಗ್ರಾಂ ಬೆಣ್ಣೆಗೆ ಬದಲು 160 ಗ್ರಾಂ ತುಪ್ಪ, ಎರಡು ದೊಡ್ಡ ಚಮಚ ಹಾಲು ಸರಿಹೋಗುತ್ತದೆ. ಆದರೆ ಹದವಾಗಿ ಕಾಸಿದ ತುಪ್ಪಕ್ಕೇ ಜೋರಾದ ಘಮವಿದೆ, ಮೃದುವಾದ ಹೂವು ಅದರ ಮುಂದೆ ಗೆಲ್ಲುವುದಿಲ್ಲ.

ನಮ್ಮ ತೋಟದಲ್ಲಿ ಶಂಕರಪುರ ಮಲ್ಲಿಗೆ ಇದೆ. ಬೇಸಿಗೆಯಲ್ಲಿ ಹೂವು ಹೆಚ್ಚು, ದರ ಕಡಿಮೆ. ಇದರಿಂದ ಬಿಸ್ಕೆಟ್ ಮಾಡಬಹುದೇ? ಕಾಯಿಸಿದ ಬೆಣ್ಣೆಗೆ ಹಾಕಿದರೆ ಬೇಯಿಸಿದ ಸೊಪ್ಪಿನ ವಾಸನೆ ಬಂತು.
— ಬೆಳೆಗಾರರು, ಉಡುಪಿ ಜಿಲ್ಲೆ

ಮಾಡಬಹುದು, ಬಹಳ ಚೆನ್ನಾಗಿಯೂ ಆಗುತ್ತದೆ. ಆದರೆ ಮಲ್ಲಿಗೆಗೆ ಬಿಸಿ ತಾಗಬಾರದು. ಕಿತ್ತ ಮೇಲೂ ಮೊಗ್ಗು ಜೀವಂತವಾಗಿದ್ದು, ರಾತ್ರಿ ಅರಳುವಾಗ ಘಮವನ್ನು ಹೊರಬಿಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಬೆಣ್ಣೆ ಇರಬೇಕು, ಅಷ್ಟೇ. ಉತ್ತರ ಭಾರತದಲ್ಲಿ ಮಲ್ಲಿಗೆ ಎಣ್ಣೆಗೆ ಎಳ್ಳನ್ನೂ ಹೂವನ್ನೂ ಪದರ ಪದರವಾಗಿ ಹರಡಿ ಇಡುವುದು, ಚೀನಾದಲ್ಲಿ ಚಹಾ ಎಲೆಗೆ ಮಲ್ಲಿಗೆ ಘಮ ಹಿಡಿಸುವುದು ಇದೇ ಕ್ರಮದಲ್ಲಿ.

ಬೆಳಿಗ್ಗೆ ಬೇಗ, ಅಂದು ರಾತ್ರಿ ಅರಳಲಿರುವ ತುಂಬಿದ ಬಿಳಿ ಮೊಗ್ಗು ಕೀಳಿ. ತೊಳೆಯಬೇಡಿ. ಒದ್ದೆ ಹೂವು ಬೆಳಗಾಗುವುದರೊಳಗೆ ಕಂದುತ್ತದೆ. ಹಸಿರು ತೊಟ್ಟು ಬಿಡಿಸಿ, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೆರಳಲ್ಲಿಡಿ. ಸಂಜೆ, ಅಗಲವಾದ ಸ್ಟೀಲ್ ತಟ್ಟೆಗೆ 200 ಗ್ರಾಂ ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆಯನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಬಳಿಯಿರಿ. ಮನೆಬೆಣ್ಣೆ ಬೇಡ, ಅದರಲ್ಲಿ ಉಳಿದ ಮಜ್ಜಿಗೆ ಹುಳಿಯುತ್ತದೆ. ಬೆಣ್ಣೆಯ ಮೇಲೆ ಒಂದೇ ಪದರ ತೆಳು ಮಲ್ ಬಟ್ಟೆ, ಅದರ ಮೇಲೆ ಮೊಗ್ಗುಗಳನ್ನು ಬಾಯಿ ಕೆಳಗಾಗಿ ಒತ್ತೊತ್ತಾಗಿ ಜೋಡಿಸಿ. ಇನ್ನೊಂದು ತಟ್ಟೆ ಮುಚ್ಚಿ ಮನೆಯ ತಂಪು ಮೂಲೆಯಲ್ಲಿಡಿ. ಫ್ರಿಜ್ ಬೇಡ, ಚಳಿಗೆ ಹೂವು ಅರಳುವುದಿಲ್ಲ, ಗಟ್ಟಿ ಬೆಣ್ಣೆ ಘಮ ಹೀರುವುದೂ ಇಲ್ಲ. ಎಂಟು ಹತ್ತು ಗಂಟೆಯ ನಂತರ, ಹೂವಿನ ಅಂಚು ಕಂದುವ ಮೊದಲು, ಬಟ್ಟೆ ಸಮೇತ ಎತ್ತಿಬಿಡಿ. ತಡವಾದರೆ ಬಾಡಿದ ಹೂವಿನ ವಾಸನೆ ಬೆಣ್ಣೆಗೆ ಇಳಿಯುತ್ತದೆ, ಮತ್ತೆ ಅದನ್ನು ತೆಗೆಯಲಾಗದು. ಹಗಲು ಬೆಣ್ಣೆಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು, ಮರುದಿನ ಸಂಜೆ ಹೊಸ ಹೂವಿನೊಂದಿಗೆ ಇನ್ನೊಮ್ಮೆ ಮಾಡಿ. ಎರಡು ರಾತ್ರಿ ಸಾಕು.

ಹೀಗೆ ಸಿಕ್ಕ ಬೆಣ್ಣೆಯನ್ನೆಲ್ಲ ಬೇಯಿಸಿಬಿಡಬೇಡಿ. 150 ಗ್ರಾಂ ಮಲ್ಲಿಗೆ ಬೆಣ್ಣೆಗೆ 50 ಗ್ರಾಂ ಸಾದಾ ಬೆಣ್ಣೆ ಸೇರಿಸಿ ಮೂಲ ಹಿಟ್ಟು ಕಲಸಿ. ಬಿಲ್ಲೆಗಳನ್ನು 5 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿ, 11ರಿಂದ 13 ನಿಮಿಷ ಬೇಯಿಸಿ. ಉಳಿದ 50 ಗ್ರಾಂ ಮಲ್ಲಿಗೆ ಬೆಣ್ಣೆಗೆ 90 ಗ್ರಾಂ ಸಕ್ಕರೆ ಪುಡಿ ಹಾಕಿ ನೊರೆಯಾಡಿಸಿ, ತಣಿದ ಎರಡು ಬಿಸ್ಕೆಟ್ ನಡುವೆ ಹಚ್ಚಿ. ಬೆಂಕಿ ಕಾಣದ ಈ ಕ್ರೀಮಿನಲ್ಲೇ ನಿಜವಾದ ಮಲ್ಲಿಗೆ ಸಿಗುವುದು. ಹೂವನ್ನೇ ಬಿಸ್ಕೆಟ್ಟಿನೊಳಗೆ ಹಾಕಬೇಡಿ, ಕಹಿ.

ಮೊಗ್ಗು ಕೊರೆಯುವ ಹುಳಕ್ಕೆ ಔಷಧಿ ಹೊಡೆದ ಗಿಡದ ಹೂವು ಈ ಕೆಲಸಕ್ಕೆ ಸಲ್ಲದು. ತಿನ್ನುವುದು ಬೆಣ್ಣೆಯನ್ನು, ಹೂವನ್ನಲ್ಲವಲ್ಲ ಎಂದುಕೊಳ್ಳಬೇಡಿ. ಅನೇಕ ಕೀಟನಾಶಕಗಳೂ ಜಿಡ್ಡಿನಲ್ಲೇ ಕರಗುವಂಥವು. ಬಿಸ್ಕೆಟ್ಟಿಗೆಂದು ಎರಡು ಗಿಡ ಬೇರೆಯಾಗಿ ಬಿಟ್ಟುಬಿಡಿ. ಪೇಟೆಯಲ್ಲಿ ಕೊಂಡ ಚೆಂಡು, ದಂಡೆಗಳಿಗೂ ಇದೇ ಮಾತು. ಹೆಸರಿನಲ್ಲಿ ಮಲ್ಲಿಗೆಯ ನಂಟಿದ್ದರೂ ರಾತ್ರಿರಾಣಿ ವಿಷ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇರುವ ನಮ್ಮ ಓದುಗರು ವಸಂತದಲ್ಲಿ ಬೇಲಿಯ ಮೇಲೆ ಹಬ್ಬಿ ಅರಳುವ ಹಳದಿ ಕ್ಯಾರೊಲಿನಾ ಜೆಸಮಿನ್ ಅನ್ನು ಮುಟ್ಟಲೇಬಾರದು. ಅದರ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷವೇ.

ಯುಗಾದಿಗೆ ಬೇವು ಬೆಲ್ಲದ ಬಿಸ್ಕೆಟ್ ಮಾಡಬೇಕೆಂದಿದೆ. ಬೇವಿನ ಹೂ ಎಷ್ಟು ಹಾಕಲಿ? ಹೋದ ಸಲ ಮಕ್ಕಳು ಉಗಿದರು.
— ಗೃಹಿಣಿ, ತುಮಕೂರು

ಹಿಟ್ಟು ನೆಕ್ಕಿ ನೋಡಿ ಅಳತೆ ನಿರ್ಧರಿಸಿದ್ದೀರಿ ಎಂದು ಕಾಣುತ್ತದೆ. ಬೇವಿನ ಕಹಿ ನಾಲಗೆಗೆ ತಡವಾಗಿ ಹತ್ತುತ್ತದೆ, ಸಿಹಿ ಮೊದಲು ಬಂದು ಮೋಸ ಮಾಡುತ್ತದೆ. ನೆರಳಲ್ಲಿ ಒಣಗಿಸಿದ ಹೂವು ಒಂದು ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬೇಡ. ಕಡ್ಡಿ, ಎಲೆ ಆರಿಸಿ, ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕಂದು ಬಣ್ಣಕ್ಕೆ ಬರುವ ತನಕ ಹುರಿದು ಪುಡಿಮಾಡಿ. ಹುರಿದಾಗ ಕಹಿ ಮೆತ್ತಗಾಗಿ, ಎಳ್ಳು ಹುರಿದಂಥ ಪರಿಮಳ ಬರುತ್ತದೆ.

ಮೈದಾ 150 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೆಣ್ಣೆ 150 ಗ್ರಾಂ, ಒಣ ಬೆಲ್ಲದ ಪುಡಿ 120 ಗ್ರಾಂ, ಕಾಲು ಚಮಚ ಉಪ್ಪು, ಬೇಕಾದಷ್ಟು ಹಾಲು, ಎರಡು ದೊಡ್ಡ ಚಮಚ ಮೀರದಂತೆ. ಬೆಲ್ಲವನ್ನು ಜರಡಿ ಹಿಡಿಯಲೇಬೇಕು. ಒಂದು ಕಡಲೆಕಾಳಿನಷ್ಟು ಉಂಡೆ ಉಳಿದರೂ ಓವನ್ನಿನಲ್ಲಿ ಕರಗಿ, ಕಪ್ಪಗೆ ಅಂಟಿ, ಟ್ರೇಯಿಂದ ಎದ್ದು ಬರುವುದಿಲ್ಲ. ಬೆಲ್ಲ ಬೇಗ ಕರಕಲಾಗುವುದರಿಂದ 150 ಡಿಗ್ರಿ, 18ರಿಂದ 20 ನಿಮಿಷ. ಗಾಳಿಯ ತೇವವನ್ನೂ ಬೆಲ್ಲ ಎಳೆದುಕೊಳ್ಳುತ್ತದೆ, ಹಬ್ಬದ ಹಿಂದಿನ ದಿನ ಮಾಡಿ, ವಾರ ಮೊದಲೇ ಅಲ್ಲ. ಬಸುರಿಯರು ಬೇವಿನ ಹೂವಿನದನ್ನು ತಿನ್ನುವ ಮೊದಲು ವೈದ್ಯರನ್ನು ಕೇಳಲಿ.

ಕುಕೀಸ್ ಮೇಲೆ ಇಡೀ ಹೂವು ಅಂಟಿಸಿದ ಚಿತ್ರ ನೋಡುತ್ತೇವೆ. ನಮ್ಮದು ಮೊಟ್ಟೆ ತಿನ್ನದ ಮನೆ. ಅದು ಹೇಗೆ?
— ಓದುಗರು, ಬೆಂಗಳೂರು

ಅದಕ್ಕೆ ಪ್ಯಾನ್ಸಿ, ವಯೋಲಾ ಹೂಗಳು ಹೇಳಿಮಾಡಿಸಿದಂತಿವೆ. ಬೆಂಗಳೂರಿನಲ್ಲಿ ಚಳಿಗಾಲದಿಂದ ಮಾರ್ಚ್‌ವರೆಗೆ ಅರಳುತ್ತವೆ. ಹೂವಿನ ಹಿಂದಿನ ತೊಟ್ಟು ಪೂರ್ತಿ ಕತ್ತರಿಸಿ, ಎರಡು ಕಾಗದದ ನಡುವೆ ಇಟ್ಟು, ದಪ್ಪ ಪುಸ್ತಕದಡಿ ಒಂದು ರಾತ್ರಿ ಒತ್ತಿಡಿ. ಚಪ್ಪಟೆಯಾದ ಹೂವು ಮುದುಡುವುದಿಲ್ಲ. ಮೊಟ್ಟೆಯ ಬಿಳಿಯ ಬದಲು ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಸಾಕು, ಉಪ್ಪು ಹಾಕದೆ ಬೇಯಿಸಿರಬೇಕು. ಬಿಸ್ಕೆಟ್ ಬೆಂದು ಹೊರಬಂದ ಕೂಡಲೇ ಮೇಲೆ ಆ ನೀರನ್ನು ಕುಂಚದಿಂದ ತೆಳ್ಳಗೆ ಸವರಿ, ಹೂವು ಇಟ್ಟು, ಹೂವಿನ ಮೇಲೂ ಸವರಿ, ಸಣ್ಣ ಸಕ್ಕರೆ ಉದುರಿಸಿ. 140 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಮತ್ತೆ ಒಳಗಿಡಿ. ನೀರು ಹೆಚ್ಚಾದರೆ ಬಣ್ಣ ಇಳಿದು ಬಿಸ್ಕೆಟ್ ಮೇಲೆ ಕಲೆಯಾಗುತ್ತದೆ. ಮೊದಲಿನಿಂದಲೇ ಹೂವು ಇಟ್ಟು ಬೇಯಿಸಿದರೆ ಕಂದು ಬಣ್ಣ ಖಂಡಿತ.

ಈ ಹೂವಿನಿಂದ ರುಚಿ ಹೆಚ್ಚೇನೂ ಬರುವುದಿಲ್ಲ, ಕಣ್ಣಿಗೆ ಚೆಂದ. ರುಚಿಗೆ ಹಿಟ್ಟಿನಲ್ಲಿ ನಿಂಬೆ ಸಿಪ್ಪೆಯ ತುರಿ ಹಾಕಿ. ನರ್ಸರಿಯಿಂದ ಹೂವಿನ ಸಮೇತ ತಂದ ಕುಂಡದ ಹೂವನ್ನು ತಿನ್ನಬೇಡಿ, ಬೇರಿನ ಮೂಲಕ ಹೀರುವ ಔಷಧಿ ಹಾಕಿರುತ್ತಾರೆ. ಬೀಜ ಹಾಕಿ ಬೆಳೆಸಿಕೊಳ್ಳಿ.

ಏಪ್ರಿಲ್ ಬಂದರೆ ಹಿತ್ತಿಲ ತುಂಬ ಡ್ಯಾಂಡೆಲಿಯನ್. ಇಲ್ಲಿಯವರು ಕುಕೀಸ್ ಮಾಡುತ್ತಾರಂತೆ. ಯಾವ ಹೂ ತಿನ್ನಬಹುದು, ಯಾವುದು ಬೇಡ?
— ಕನ್ನಡ ಕುಟುಂಬ, ನ್ಯೂಜೆರ್ಸಿ

ಕಳೆನಾಶಕ ಸಿಂಪಡಿಸದ, ನಾಯಿಗಳು ಅಡ್ಡಾಡದ ಹಿತ್ತಿಲಾದರೆ ಧಾರಾಳವಾಗಿ ಮಾಡಿ. ಬಿಸಿಲೇರಿ ಹೂವು ಪೂರ್ತಿ ಅರಳಿದಾಗ ಕಿತ್ತು, ಕೂಡಲೇ ಬಿಡಿಸಿ. ಒಳಗೆ ತಂದಿಟ್ಟರೆ ಮುಚ್ಚಿಕೊಳ್ಳುತ್ತದೆ, ಎಸಳು ಸಿಗುವುದಿಲ್ಲ. ಹಸಿರು ಬುಡವನ್ನು ಹಿಡಿದು ಹಳದಿ ಭಾಗವನ್ನು ಕತ್ತರಿಯಿಂದ ಕತ್ತರಿಸಿ, ಹಸಿರು ಸೇರಿದರೆ ಕಹಿ. ಮೂಲ ಹಿಟ್ಟಿಗೆ ಅರ್ಧ ಕಪ್ ಹಳದಿ ಎಸಳು, ಒಂದು ನಿಂಬೆಯ ಸಿಪ್ಪೆ ತುರಿ. ಗುಲಾಬಿಯಂತಲ್ಲ ಇದು. ಇದರ ಹಳದಿ ಕ್ಯಾರೆಟ್ಟಿನ ಬಣ್ಣದ ಜಾತಿಯದು, ಸೋಡಾಕ್ಕೂ ಬಿಸಿಗೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸೇವಂತಿಗೆ ಜಾತಿಯ ಹೂವಿನ ಅಲರ್ಜಿ ಇದ್ದವರು ಮಾತ್ರ ದೂರವಿರಲಿ.

ಲೈಲಾಕ್ ಹೂಗಳನ್ನು ಸಕ್ಕರೆಯೊಡನೆ ಪದರವಾಗಿ ನಾಲ್ಕೈದು ದಿನ ಇಟ್ಟು, ದಿನಾ ಕದಡಿ, ಹೂ ಆರಿಸಿ, ಸಕ್ಕರೆಯನ್ನು ತಟ್ಟೆಯಲ್ಲಿ ಒಣಗಿಸಿ ಪುಡಿಮಾಡಿ ಬಳಸಬಹುದು. ವಾಯಲೆಟ್ ಕೂಡ ತಿನ್ನುವಂಥದೇ.

ಬೇಡವೇ ಬೇಡ ಎನ್ನುವಂಥವು: ಡ್ಯಾಫೊಡಿಲ್, ಲಿಲಿ ಆಫ್ ದ ವ್ಯಾಲಿ, ಹಯಸಿಂತ್, ಫಾಕ್ಸ್‌ಗ್ಲೋವ್, ಅಜೇಲಿಯಾ, ಸ್ವೀಟ್ ಪೀ. ಊರಿಗೆ ಬಂದಾಗ ಕಣಗಿಲೆ, ದತ್ತೂರಿ, ಎಕ್ಕ, ಅಗ್ನಿಶಿಖೆ. ದೇವರಿಗೆ ಏರಿಸುವ ಹೂವೆಲ್ಲ ತಿನ್ನುವ ಹೂವಲ್ಲ, ಮಕ್ಕಳಿಗೆ ಇದನ್ನು ಮೊದಲು ಕಲಿಸಿ. ಹೆಸರು ಖಚಿತವಾಗಿ ಗೊತ್ತಿಲ್ಲದ ಹೂವನ್ನು ಅಲಂಕಾರಕ್ಕೂ ಇಡಬೇಡಿ.

ಲ್ಯಾವೆಂಡರ್ ಬಿಸ್ಕೆಟ್ ಸೋಪು ತಿಂದಂತಿತ್ತು.
— ಓದುಗರು, ಹುಬ್ಬಳ್ಳಿ

ಹೆಚ್ಚಾಗಿದೆ. ಮೂಲ ಹಿಟ್ಟಿಗೆ ಒಣ ಮೊಗ್ಗು ಒಂದು ಚಹಾ ಚಮಚ ಸಾಕು, ಅದನ್ನೂ ಸಕ್ಕರೆಯೊಂದಿಗೆ ಅರೆದು ಜರಡಿ ಹಿಡಿಯಿರಿ. ಅಡುಗೆಗೆ ಸಲ್ಲುವುದು ಇಂಗ್ಲಿಷ್ ಲ್ಯಾವೆಂಡರ್. ಎಲೆಯ ಅಂಚು ಗರಗಸದಂತಿರುವ, ನಮ್ಮ ನರ್ಸರಿಗಳಲ್ಲಿ ಕಾಣುವ ಜಾತಿಗೆ ಕರ್ಪೂರದ ವಾಸನೆ ಇರುತ್ತದೆ.

ಓವನ್ ಇಲ್ಲ. ಕುಕ್ಕರಿನಲ್ಲಿ ಆಗುತ್ತದೆಯೇ?
— ವಿದ್ಯಾರ್ಥಿನಿ, ಕಲಬುರಗಿ

ಆಗುತ್ತದೆ. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆಯಿರಿ. ತಳಕ್ಕೆ ಒಂದೂವರೆ ಕಪ್ ಪುಡಿ ಉಪ್ಪು, ಅದರ ಮೇಲೆ ಸ್ಟ್ಯಾಂಡ್. ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಹೂವಿನ ಬಿಸ್ಕೆಟ್ಟಿಗೆ ಅದು ಅನುಕೂಲವೇ. ಒಂದನ್ನು ಎತ್ತಿ ತಳ ನೋಡಿ ಇಳಿಸಿ. ಮುಚ್ಚಳದಲ್ಲಿ ನೀರು ಹನಿಗಟ್ಟಿದರೆ ಬಟ್ಟೆಯಿಂದ ಒರೆಸಿ, ಬಿಸ್ಕೆಟ್ ಮೇಲೆ ಬಿದ್ದರೆ ಮೆತ್ತಗಾಗುತ್ತದೆ.

ಸಿಹಿ ತಿನ್ನದವರಿಗೆ ಏನಾದರೂ?
— ನಿವೃತ್ತರು, ಹಾಸನ

ನುಗ್ಗೆ ಹೂವಿನ ಖಾರ ಬಿಸ್ಕೆಟ್ ಮಾಡಿ, ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕೆಟ್ಟಿನ ದಾರಿಯಲ್ಲೇ. ಕಡ್ಡಿ ಬಿಡಿಸಿದ ಹೂವು ಒಂದು ಕಪ್. ಹುಳ ಇರುತ್ತದೆ, ಉಪ್ಪು ನೀರಿನಲ್ಲಿ ಅದ್ದಿ ತೊಳೆದು, ಬಟ್ಟೆಯ ಮೇಲೆ ಎರಡು ಗಂಟೆ ಆರಿಸಿ. ಒಂದು ಚಮಚ ತುಪ್ಪದಲ್ಲಿ ನೀರಿನಂಶ ಹೋಗಿ ಅಂಚು ಗರಿಯಾಗುವ ತನಕ, ಐದಾರು ನಿಮಿಷ ಬಾಡಿಸಿ ತಣಿಸಿ. ಇದನ್ನು ಅವಸರ ಮಾಡಿದರೆ ಬಿಸ್ಕೆಟ್ ಮರುದಿನವೇ ಮೆತ್ತಗೆ.

ಮೈದಾ 250 ಗ್ರಾಂ, ಬೆಣ್ಣೆ 120 ಗ್ರಾಂ, ಸಕ್ಕರೆ ಪುಡಿ 20 ಗ್ರಾಂ, ಉಪ್ಪು ಒಂದು ಚಮಚ, ಬೇಕಿಂಗ್ ಪೌಡರ್ ಅರ್ಧ ಚಮಚ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ ಮೂರು, ಕರಿಬೇವು ಒಂದು ಎಸಳು, ಗಟ್ಟಿ ಮೊಸರು ಎರಡರಿಂದ ಮೂರು ದೊಡ್ಡ ಚಮಚ. ಸಕ್ಕರೆಯನ್ನು ಬಿಡಬೇಡಿ, ಖಾರ ಬಿಸ್ಕೆಟ್ಟಿನ ಬಣ್ಣವೂ ರುಚಿಯೂ ಅದರಿಂದಲೇ. ಹೂವನ್ನು ಕೊನೆಯಲ್ಲಿ ಸೇರಿಸಿ, ಕಾಲು ಇಂಚು ದಪ್ಪ ಲಟ್ಟಿಸಿ, ಮುಳ್ಳುಚಮಚದಿಂದ ಚುಚ್ಚಿ ಕತ್ತರಿಸಿ. 170 ಡಿಗ್ರಿ, 18ರಿಂದ 20 ನಿಮಿಷ, ಇದು ಮಾತ್ರ ಚೆನ್ನಾಗಿ ಕೆಂಪಗಾಗಲಿ. ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ. ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕೈದು ದಿನ ಇಡಬಹುದು. ಒಣ ಗುಲಾಬಿಯದು ಹತ್ತು ದಿನ, ಮಲ್ಲಿಗೆ ಕ್ರೀಮಿನದನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.